ಓಪಲ್ಲಾ, ಸನ್‌ಸ್ಟೋನಾ, ಫಿರೋಜಾನಾ? ಮರುಭೂಮಿಯ ಗಣಿಗೆ ಹೊರಟವರಿಗೆ ಹಾಸನದಿಂದ ಒಂದಿಷ್ಟು ಮಾತು

ನಮ್ಮ ಮನೆಯ ಷೋಕೇಸಿನಲ್ಲಿ ನೀರು ತುಂಬಿದ ಒಂದು ಹಾರ್ಲಿಕ್ಸ್ ಬಾಟಲಿ ಇದೆ. ಒಳಗೆ ಹೆಬ್ಬೆರಳ ಗಾತ್ರದ ಒಂದು ಓಪಲ್ ಕಲ್ಲು. ಬೆಳಿಗ್ಗೆ ಕಿಟಕಿಯ ಬಿಸಿಲು ಬಿದ್ದರೆ ಅದರೊಳಗೆ ಹಸಿರು, ನೀಲಿ, ಒಂದು ಚೂರು ಕೆಂಪು ಓಡಾಡುತ್ತವೆ. ಮನೆಗೆ ಬಂದವರು ಕೇಳುವುದು ಎರಡೇ ಪ್ರಶ್ನೆ. "ಎಷ್ಟು ಬೆಲೆ ಬಾಳುತ್ತೆ?" ಮತ್ತು "ನೀರಲ್ಲಿ ಯಾಕೆ ಇಟ್ಟಿದ್ದೀರಾ?" ಮೊದಲನೆಯದಕ್ಕೆ ನನ್ನ ಉತ್ತರ: ಏನೂ ಇಲ್ಲ ಅಂದ್ಕೊಳ್ಳಿ. ಎರಡನೆಯದಕ್ಕೆ ಸ್ವಲ್ಪ ಉದ್ದದ ಉತ್ತರ ಇದೆ. ಮುಂದೆ ಬರುತ್ತದೆ.

ನನ್ನ ಮಗ ಇರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ. ನಾವು ಗಂಡ ಹೆಂಡತಿ ಎರಡು ಬೇಸಿಗೆ ಅಲ್ಲಿದ್ದು ಬಂದೆವು. ಮೊದಲ ಸಲ ಎಲ್ಲರ ಹಾಗೆ ಗೋಲ್ಡನ್ ಗೇಟ್, ಲಾಸ್ ವೇಗಸ್, ಗ್ರ್ಯಾಂಡ್ ಕ್ಯಾನ್ಯನ್ ಮುಗಿಸಿದೆವು. ಆಮೇಲೆ ತಿಂಗಳುಗಟ್ಟಲೆ ಮನೆಯೊಳಗೇ ಕೂತೆವು. ಎರಡನೇ ಸಲ ಹೋಗುವಷ್ಟರಲ್ಲಿ ಮೊಮ್ಮಗಳಿಗೆ ಕಲ್ಲಿನ ಹುಚ್ಚು ಹಿಡಿದಿತ್ತು. ಅವಳ ಹಿಂದೆ ನಾವೂ ಗುದ್ದಲಿ ಹಿಡಿದು ಮರುಭೂಮಿ ಸೇರಿದೆವು. ಈಗ ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆಯಿಂದ ಮಕ್ಕಳ ಮನೆಗೆ ಹೊರಟವರು ಫೋನ್ ಮಾಡುತ್ತಾರೆ. "ಒಂದೇ ಕಡೆ ಹೋಗೋಕೆ ಆಗೋದು, ಯಾವುದು ಅಂತ ಹೇಳಿ" ಅಂತಾರೆ. ಹೇಳಿ ಹೇಳಿ ಸಾಕಾಗಿ ಬರೆದುಬಿಡೋಣ ಅನ್ನಿಸಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಕಲ್ಲಿಗೆ ಬೆಲೆ ಜಾಸ್ತಿ ಅಂತ ನೋಡಿ ಗಣಿ ಆರಿಸಬೇಡಿ. ಊರಿಗೆ ತಂದ ಮೇಲೆ ಆ ಕಲ್ಲಿನ ಗತಿ ಏನು ಅಂತ ನೋಡಿ ಆರಿಸಿ. ಒಂದು ಕಲ್ಲು ನೀರಿನಲ್ಲೇ ಬದುಕಬೇಕು. ಇನ್ನೊಂದು ಮೊದಲು ಗಟ್ಟಿ ಮಾಡಿ ಆಮೇಲೆ ಕತ್ತರಿಸುವವರನ್ನು ಹುಡುಕಿಕೊಂಡು ಜೈಪುರಕ್ಕೆ ಹೋಗಬೇಕು. ಮತ್ತೊಂದು ಕತ್ತರಿಸಿದರೆ ಸಾಕು, ಉಂಗುರಕ್ಕೆ ಕೂರುತ್ತದೆ.

ದುಡ್ಡು ಕೊಟ್ಟು ಅಗೆಯುವುದು ಅಂದರೇನು

ಅಮೆರಿಕದ ಪಶ್ಚಿಮದ ಒಣ ಬಯಲುಗಳಲ್ಲಿ ಒಂದೊಂದು ಕುಟುಂಬ ಒಂದೊಂದು ಗಣಿ ಇಟ್ಟುಕೊಂಡಿರುತ್ತದೆ. ಸರ್ಕಾರಿ ಜಾಗದಲ್ಲಿ ಖನಿಜ ಸಿಕ್ಕಿದವನು ಅಲ್ಲಿ ಹಕ್ಕು ಹಾಕಬಹುದು ಅನ್ನುವ 1872ರ ಕಾನೂನು ಅಲ್ಲಿ ಇನ್ನೂ ನಡೆಯುತ್ತಿದೆ. ಅಜ್ಜ ಹಾಕಿದ ಹಕ್ಕು, ಮೊಮ್ಮಗ ನಡೆಸುತ್ತಾನೆ. ಥೇಟ್ ನಮ್ಮ ಕಡೆಯ ತೋಟದ ಹಾಗೆ. ಆದರೆ ಕಲ್ಲು ಕಾಫಿಯ ಹಾಗೆ ವರ್ಷಾ ವರ್ಷ ಬಿಡುವುದಿಲ್ಲ. ಒಂದು ವರ್ಷ ಸಿಕ್ಕೀತು, ಮೂರು ವರ್ಷ ಸಿಗದೇ ಇದ್ದೀತು. ಬುಲ್ಡೋಜರ್ ಡೀಸೆಲ್ಲಿಗೆ ಮಾತ್ರ ಪ್ರತಿ ವಾರ ದುಡ್ಡು ಬೇಕು. ಹಾಗಾಗಿ ಹೊರಗಿನವರಿಗೆ ಬಾಗಿಲು ತೆರೆದು ದಿನಕ್ಕೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ. ಸಿಕ್ಕಿದ್ದು ನಿಮ್ಮದು. ಸಿಗದಿದ್ದರೂ ಕೊಟ್ಟ ದುಡ್ಡು ವಾಪಸ್ ಇಲ್ಲ.

ಇವು ವರ್ಷಪೂರ್ತಿ ತೆರೆದಿರುವುದಿಲ್ಲ. ಚಳಿಗಾಲದಲ್ಲಿ ಹಿಮ, ವಸಂತದಲ್ಲಿ ಕೆಸರು. ಮೇ ಮಧ್ಯದಿಂದ ಅಕ್ಟೋಬರ್ ಒಳಗೆ ಎಲ್ಲ ಮುಗಿಯಬೇಕು. ಹಾಸನಾಂಬೆಯ ಬಾಗಿಲು ತೆರೆಯುವ ದಿನ ನೋಡಿಕೊಂಡು ನಾವು ಊರಿಗೆ ಟಿಕೆಟ್ ಮಾಡುತ್ತೇವಲ್ಲ, ಹಾಗೇ ಇಲ್ಲೂ ಬಾಗಿಲು ತೆರೆಯುವ ದಿನ ನೋಡಿಯೇ ಹೊರಡಬೇಕು. ನನಗೆ ಗೊತ್ತಿರುವ ಒಂದು ಕುಟುಂಬ ನವೆಂಬರ್‌ನಲ್ಲಿ ಕಾರು ಹತ್ತಿ, ಎಂಟು ಗಂಟೆ ಓಡಿಸಿ, ಬೀಗ ಹಾಕಿದ ಗೇಟಿನ ಮುಂದೆ ಫೋಟೋ ತೆಗೆಸಿಕೊಂಡು ಬಂದಿದೆ.

ಓಪಲ್: ನೆವಾಡದ ವರ್ಜಿನ್ ವ್ಯಾಲಿ

ಮೂರರಲ್ಲಿ ಮನಸ್ಸು ಕದಿಯುವುದು ಇದೇ. ಅದರಲ್ಲಿ ಎರಡು ಮಾತಿಲ್ಲ.

ಜಾಗ ಇರುವುದು ನೆವಾಡದ ವಾಯವ್ಯ ಮೂಲೆಯಲ್ಲಿ, ಆರೆಗಾನ್ ಗಡಿಗೆ ಅಂಟಿಕೊಂಡ ಹಾಗೆ. ವಿನ್ನೆಮಕ್ಕಾ ಊರಿನಿಂದ ಉತ್ತರಕ್ಕೆ ಡೆನಿಯೋ ಅನ್ನುವ ಹಳ್ಳಿಯ ಕಡೆಗೆ ಸುಮಾರು 160 ಕಿಲೋಮೀಟರ್, ಅಲ್ಲಿಂದ 140ನೇ ನಂಬರಿನ ರಸ್ತೆಯಲ್ಲಿ ಪಶ್ಚಿಮಕ್ಕೆ. ದಾರಿಯಲ್ಲಿ ಮನುಷ್ಯರು ಕಡಿಮೆ, ಹಸುಗಳು ಜಾಸ್ತಿ. ಪೆಟ್ರೋಲನ್ನು ವಿನ್ನೆಮಕ್ಕಾದಲ್ಲೇ ತುಂಬಿಸಿ. ಮುಂದೆ ಸಿಗುತ್ತದೆ ಅಂತ ನಂಬಬೇಡಿ.

ಮರುಭೂಮಿ ಅಂದಾಗ ನಾನು ರಾಜಸ್ಥಾನದ ಮರಳು ಗುಡ್ಡ ಅಂದುಕೊಂಡಿದ್ದೆ. ಇದು ಹಾಗಿಲ್ಲ. ಮೊಣಕಾಲೆತ್ತರದ ಬೂದುಬಣ್ಣದ ಗಿಡ, ಬಿಳಿ ಜೇಡಿ, ಮೇಲೆ ಕರಿ ಬಂಡೆಯ ಟೋಪಿ ಹಾಕಿಕೊಂಡ ಗುಡ್ಡಗಳು. ಎತ್ತರ ಸುಮಾರು 1,500 ಮೀಟರ್. ಅಂದರೆ ಚಿಕ್ಕಮಗಳೂರು ಪೇಟೆಗಿಂತಲೂ ಮೇಲೆ. ಹಗಲು ನೆತ್ತಿ ಸುಡುತ್ತದೆ, ರಾತ್ರಿ ಸ್ವೆಟರ್ ಬೇಕು.

ಇಲ್ಲಿ ಮನೆಯವರೇ ನಡೆಸುವ ಗಣಿಗಳಲ್ಲಿ ಹೆಚ್ಚು ಹೆಸರಾದದ್ದು ರಾಯಲ್ ಪೀಕಾಕ್. ಅದೇ ಕಣಿವೆಯಲ್ಲಿ ರೇನ್‌ಬೋ ರಿಡ್ಜ್ ಅನ್ನುವುದೂ ಇದೆ. 1917ರಲ್ಲಿ ರೇನ್‌ಬೋ ರಿಡ್ಜ್‌ನಲ್ಲಿ ಸಿಕ್ಕಿದ ಕಪ್ಪು ಓಪಲ್ 2,585 ಕ್ಯಾರಟ್ ತೂಗಿತು. ಅರ್ಧ ಕೆಜಿಗಿಂತ ಜಾಸ್ತಿ! ಬ್ರೂಕ್ಲಿನ್ ಸೇತುವೆ ಕಟ್ಟಿಸಿದ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅದನ್ನು ಕೊಂಡುಕೊಂಡರು. ಈಗ ಅದು ಅವರದೇ ಹೆಸರಲ್ಲಿ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ.

ಕೋಟಿಗಟ್ಟಲೆ ವರ್ಷಗಳ ಹಿಂದೆ ಇಲ್ಲಿ ಕೆರೆ, ಕಾಡು ಇತ್ತು. ಜ್ವಾಲಾಮುಖಿಯ ಬೂದಿ ಬಿದ್ದು ಮರದ ಕೊಂಬೆಗಳೆಲ್ಲ ಹೂತುಹೋದವು. ಬೂದಿಯಿಂದ ಇಳಿದ ನೀರಿನಲ್ಲಿ ಸಿಲಿಕಾ ಕರಗಿತ್ತು. ಅದು ಮರ ಇದ್ದ ಜಾಗದಲ್ಲಿ ಮೆಲ್ಲಗೆ ಕೂತಿತು. ಅದಕ್ಕೇ ಇಲ್ಲಿನ ಓಪಲ್ ಎಷ್ಟೋ ಸಲ ಕೊಂಬೆಯ ಆಕಾರದಲ್ಲೇ ಸಿಗುತ್ತದೆ. ತೊಗಟೆಯ ಗೆರೆ ಕಾಣುತ್ತದೆ, ಒಳಗೆ ಬೆಂಕಿ. ಆ ಬಣ್ಣಕ್ಕೆ ಬಣ್ಣದ ಪದಾರ್ಥ ಏನೂ ಕಾರಣ ಅಲ್ಲ. ಸಿಲಿಕಾದ ಅತಿ ಸಣ್ಣ ಗೋಲಿಗಳು ಸಾಲಾಗಿ ಕೂತಿರುತ್ತವೆ. ಬೆಳಕು ಅವುಗಳ ನಡುವೆ ನುಗ್ಗಿ ಒಡೆದು ಬಣ್ಣವಾಗುತ್ತದೆ.

ಗಣಿಯಲ್ಲಿ ಎರಡು ಬಗೆಯ ಟಿಕೆಟ್ ಇರುತ್ತದೆ. ನಿಮ್ಮ ನಿಜವಾದ ಆಯ್ಕೆ ಇಲ್ಲೇ.

ಒಂದು, ಬ್ಯಾಂಕ್ ಡಿಗ್. ನಮ್ಮ ಮಲೆನಾಡಿನ ಮಾತಲ್ಲಿ ದರೆ ಅಗೆಯುವುದು. ಮೇಲಿನ ಮಣ್ಣನ್ನು ಅವರು ಯಂತ್ರದಿಂದ ಸರಿಸಿಟ್ಟಿರುತ್ತಾರೆ. ಓಪಲ್ ಇರುವ ಜೇಡಿಯ ಪದರ ಗೋಡೆಯ ಹಾಗೆ ನಿಂತಿರುತ್ತದೆ. ನೀವು ಸಣ್ಣ ಪಿಕಾಸಿ, ಸ್ಕ್ರೂಡ್ರೈವರ್ ಹಿಡಿದು ಕೆರೆಯುತ್ತಾ ಹೋಗಬೇಕು. ಇನ್ನೊಂದು, ಟೇಲಿಂಗ್ಸ್. ಯಂತ್ರ ಅಗೆದು ಸುರಿದ ಮಣ್ಣಿನ ಗುಡ್ಡೆ. ಅದರಲ್ಲಿ ಕುಕ್ಕರಗಾಲಲ್ಲಿ ಕೂತು ಕೈಯಾಡಿಸುವುದು. ದರೆಯ ಟಿಕೆಟ್ ಟೇಲಿಂಗ್ಸ್‌ಗಿಂತ ಬಹಳ ಜಾಸ್ತಿ. ಡಾಲರ್ ಅಂಕಿ ಬರೆಯುವುದಿಲ್ಲ, ವರ್ಷಾ ವರ್ಷ ಏರುತ್ತದೆ.

ಮಗ, ಸೊಸೆ ದರೆಗೆ ಹೋದರು. ನಾವಿಬ್ಬರು ಮೊಮ್ಮಗಳ ಜೊತೆ ಟೇಲಿಂಗ್ಸ್‌ಗೆ. ಸಂಜೆಗೆ ನೋಡಿದರೆ ಅವರ ಕೈಯಲ್ಲಿ ಬಣ್ಣ ಇಲ್ಲದ ಓಪಲ್ ಒಂದು ಮುಷ್ಟಿ, ಎರಡು ಬೊಕ್ಕೆ. ನಮ್ಮ ಕೈಯಲ್ಲಿ ಈ ಹಾರ್ಲಿಕ್ಸ್ ಬಾಟಲಿಯ ಕಲ್ಲು. ಇದು ಅದೃಷ್ಟ, ನಿಯಮ ಅಲ್ಲ. ದೊಡ್ಡ ಕಲ್ಲು ಒಡೆಯದೆ ಸಿಗುವ ಅವಕಾಶ ದರೆಯಲ್ಲೇ ಜಾಸ್ತಿ. ಟೇಲಿಂಗ್ಸ್‌ನಲ್ಲಿ ಯಂತ್ರದ ಹಲ್ಲು ತಗುಲಿ ಮುರಿದ ಚೂರುಗಳೇ ಹೆಚ್ಚು. ಆದರೂ ಮೊದಲ ಸಲ ಹೋಗುವವರಿಗೆ ನಾನು ಟೇಲಿಂಗ್ಸ್ ಅಂತಲೇ ಹೇಳುವುದು. ಕಣ್ಣು ಪಳಗದೆ ದರೆಗೆ ಹೋದರೆ ಕೊಟ್ಟ ದುಡ್ಡಿಗೆ ಜೇಡಿ ಕೆರೆದು ಬರುತ್ತೀರಿ ಅಷ್ಟೇ.

ಹಾಸನದವರಿಗೆ ಒಂದು ಅನುಕೂಲ ಇದೆ. ನಮಗೆ ಆಲೂಗಡ್ಡೆ ಕೀಳುವುದು ಗೊತ್ತು. ಗುದ್ದಲಿ ನೇರ ಏಟು ಬಿದ್ದ ಗೆಡ್ಡೆ ಮಾರ್ಕೆಟ್ಟಿಗೆ ಹೋಗುವುದಿಲ್ಲ ಅಲ್ವಾ? ಪಕ್ಕದಿಂದ ಮಣ್ಣು ಸಡಿಲಿಸಿ ಎತ್ತಬೇಕು. ಓಪಲ್ಲೂ ಅಷ್ಟೇ. ನಮ್ಮ ಯಜಮಾನರು ಕೂತ ಶೈಲಿ ನೋಡಿ ಗಣಿಯ ಅಜ್ಜ "ನೀನು ರೈತ" ಅಂತ ಗುರುತು ಹಿಡಿದ. ಇನ್ನೊಂದು, ದರೆಯ ಬುಡ ಕೊರೆಯಬೇಡಿ. ಶಿರಾಡಿ ಘಾಟಿಯಲ್ಲಿ ಮಳೆಗಾಲದಲ್ಲಿ ಏನಾಗುತ್ತದೆ ಅಂತ ಸಕಲೇಶಪುರದವರಿಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ಮಳೆಯೂ ಬೇಡ, ಒಣ ಜೇಡಿಯೇ ಕುಸಿಯುತ್ತದೆ. ಕೈ ಹಾಕುವ ಮುಂಚೆ ಕಲ್ಲಿನ ಸಂದಿ ನೋಡಿ. ಅಲ್ಲಿನ ಗಿಲಕಿ ಹಾವು ನಮ್ಮ ತೋಟದ ಕೊಳಕುಮಂಡಲದ ದಾಯಾದಿ.

ಒಂದು ಸ್ಪ್ರೇ ಬಾಟಲಿ ನೀರು ಇಟ್ಟುಕೊಳ್ಳಿ. ಚೂರಿಗೆ ನೀರು ಹೊಡೆದು, ಬಿಸಿಲಿಗೆ ಹಿಡಿದು ತಿರುಗಿಸಿದರೆ ಬೆಂಕಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ರಾತ್ರಿ ಅಲ್ಟ್ರಾವಯಲೆಟ್ ಟಾರ್ಚು ಬಿಟ್ಟರೆ ಈ ಓಪಲ್‌ಗಳು ಹಸಿರಾಗಿ ಹೊಳೆಯುತ್ತವೆ. ಒಳಗೆ ಸೇರಿರುವ ಚಿಟಿಕೆಗಿಂತ ಕಡಿಮೆ ಯುರೇನಿಯಂ ಅದಕ್ಕೆ ಕಾರಣ. ಮೊಮ್ಮಗಳಿಗೆ ಅಗೆತಕ್ಕಿಂತ ಇದೇ ಹೆಚ್ಚು ಹಿಡಿಸಿತು.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ವರ್ಜಿನ್ ವ್ಯಾಲಿಯ ಓಪಲ್ ಒಳಗೆ ನೀರು ಜಾಸ್ತಿ. ಮಣ್ಣಿನಿಂದ ಹೊರಗೆ ಬಂದ ಕಲ್ಲು ಒಣಗುತ್ತಾ ಸಣ್ಣ ಬಿರುಕು ಬಿಡುತ್ತದೆ. ಅವರು ಇದನ್ನು ಕ್ರೇಜಿಂಗ್ ಅನ್ನುತ್ತಾರೆ. ಕೆಲವು ವಾರದಲ್ಲಿ ಬಿರುಕು ಬಿಡುತ್ತವೆ, ಕೆಲವು ವರ್ಷ ಕಳೆದು. ಕೆಲವು ಏನೂ ಆಗದೆ ಉಳಿಯುತ್ತವೆ. ಯಾವುದು ಯಾವ ಜಾತಿ ಅಂತ ಮೊದಲೇ ಹೇಳಲು ಆಗುವುದಿಲ್ಲ. ನಮ್ಮ ಬೇಲೂರು, ಹಳೇಬೀಡಿನ ಬಳಪದ ಕಲ್ಲನ್ನು ನೆನೆಸಿಕೊಳ್ಳಿ. ನೆಲದಿಂದ ತೆಗೆದಾಗ ಮೆತ್ತಗೆ, ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿ. ಓಪಲ್ ಅದಕ್ಕೆ ಪೂರ್ತಿ ಉಲ್ಟಾ.

ನಾನು ತಂದದ್ದು ಎರಡು ಒಳ್ಳೆ ಕಲ್ಲು. ಒಂದನ್ನು ನೀರಿನಲ್ಲಿ ಇಟ್ಟೆ. ಇನ್ನೊಂದನ್ನು "ಇದೇನೂ ಆಗಲ್ಲ ಬಿಡು" ಅಂತ ಟಿವಿ ಪಕ್ಕದಲ್ಲಿ ಇಟ್ಟೆ. ಏಪ್ರಿಲ್ ಬಂತು. ಒಂದು ಬೆಳಿಗ್ಗೆ ನೋಡಿದರೆ ಮೈಯೆಲ್ಲ ಜೇಡರ ಬಲೆಯ ಹಾಗೆ ಗೆರೆ. ಬಣ್ಣ ಮಂಕಾಗಿತ್ತು. ತಪ್ಪು ನಂದೇ. ಗಣಿಯ ಅಜ್ಜಿ ಮೂರು ಸಲ ಹೇಳಿದ್ದರು.

ಹಾಗಾಗಿ ವರ್ಜಿನ್ ವ್ಯಾಲಿಗೆ ಹೋಗಿ, ಆದರೆ ಮಗಳಿಗೆ ಉಂಗುರ ಮಾಡಿಸೋಣ ಅಂತ ಹೋಗಬೇಡಿ. ಅದು ನೋಡುವ ಕಲ್ಲು, ತೊಡುವ ಕಲ್ಲು ಅಲ್ಲ.

ಸನ್‌ಸ್ಟೋನ್: ಆರೆಗಾನಿನ ಪ್ಲಶ್

ತೊಡುವ ಕಲ್ಲು ಇದು. ನನ್ನ ಓಟು ಇದಕ್ಕೇ.

ಮಜಾ ಅಂದರೆ ಎರಡೂ ಒಂದೇ ರಸ್ತೆಯ ಮೇಲಿವೆ. ಅದೇ 140ನೇ ನಂಬರ್ ರಸ್ತೆ ಡೆನಿಯೋದಿಂದ ಆರೆಗಾನಿಗೆ ದಾಟಿ, ಡೊಹರ್ಟಿ ಸ್ಲೈಡ್ ಅನ್ನುವ ಎದೆ ಝಲ್ಲೆನ್ನಿಸುವ ಇಳಿಜಾರು ಇಳಿದು, ಏಡಲ್ ಅನ್ನುವ ಪುಟ್ಟ ಊರಿಗೆ ಬರುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿದರೆ ಪ್ಲಶ್. ಚಾರ್ಮಾಡಿ ಓಡಿಸಿದ ಡ್ರೈವರ್‌ಗೆ ಆ ಇಳಿಜಾರು ಲೆಕ್ಕಕ್ಕಿಲ್ಲ. ಪ್ಲಶ್ ದಾಟಿದ ಮೇಲೆ ಜಲ್ಲಿ ರಸ್ತೆ. ಮಳೆ ಬಂದರೆ ಹೋಗಬೇಡಿ. ಆ ಕೆಸರು ಚಕ್ರಕ್ಕೆ ಮೆತ್ತಿಕೊಂಡರೆ ಎಳೆಯಲು ಟ್ರಾಕ್ಟರ್ ಸಿಗುವುದಿಲ್ಲ. ನಾಲ್ಕು ದಿನ ಬಿಡುವು ಇದ್ದವರು ಓಪಲ್ ಮತ್ತು ಸನ್‌ಸ್ಟೋನ್ ಎರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸಬಹುದು.

ಸನ್‌ಸ್ಟೋನ್ ಲಾವಾ ಕಲ್ಲಿನೊಳಗೆ ಬೆಳೆದ ಫೆಲ್ಡ್‌ಸ್ಪಾರ್ ಹರಳು. ಲಾವಾ ಸವೆದು ಮಣ್ಣಾದಾಗ ಹರಳು ಹೊರಗೆ ಉದುರುತ್ತದೆ. ಹೆಚ್ಚಿನವು ತಿಳಿ ಹಳದಿ, ಒಣ ಹುಲ್ಲಿನ ಬಣ್ಣ. ಕೆಲವು ಹರಳಿನೊಳಗೆ ತಾಮ್ರದ ಅತಿ ತೆಳು ರೇಕು ಸೇರಿರುತ್ತವೆ. ತಿರುಗಿಸಿದಾಗ ಅವು ಒಟ್ಟಿಗೆ ಮಿಂಚುತ್ತವೆ. ಅದನ್ನು ಶಿಲ್ಲರ್ ಅನ್ನುತ್ತಾರೆ. ಕೆಂಪು, ಹಸಿರು ಸಿಕ್ಕರೆ ಹಬ್ಬ. ಆರೆಗಾನ್ ಇದನ್ನು 1987ರಲ್ಲಿ ತನ್ನ ರಾಜ್ಯದ ರತ್ನ ಮಾಡಿಕೊಂಡಿತು. ಅದೇ ವರ್ಷ ನೆವಾಡ ಕೂಡ ವರ್ಜಿನ್ ವ್ಯಾಲಿಯ ಕಪ್ಪು ಓಪಲ್ಲಿಗೆ ಆ ಪಟ್ಟ ಕೊಟ್ಟಿತು. ಅಕ್ಕಪಕ್ಕದ ಮನೆಯವರ ಜಿದ್ದು ಇದ್ದ ಹಾಗಿದೆ.

ಇಲ್ಲಿ ಇನ್ನೊಂದು ಆಯ್ಕೆ ಬರುತ್ತದೆ. ಪುಕ್ಕಟೆ ಜಾಗ ಮತ್ತು ದುಡ್ಡಿನ ಗಣಿ, ಎರಡೂ ಅಕ್ಕಪಕ್ಕದಲ್ಲೇ.

ಸರ್ಕಾರದ ಭೂಮಿ ಇಲಾಖೆ ಜನರಿಗಾಗಿಯೇ ಒಂದು ದೊಡ್ಡ ಬಯಲು ಬಿಟ್ಟಿದೆ. ಟಿಕೆಟ್ ಇಲ್ಲ. ಕೈ ಸಲಕರಣೆ ಮಾತ್ರ, ಯಂತ್ರ ತರುವ ಹಾಗಿಲ್ಲ. ಸಿಕ್ಕಿದ್ದು ನಿಮ್ಮ ಸ್ವಂತಕ್ಕೆ. ಬೆಳಿಗ್ಗೆ ಏಳು ಗಂಟೆಗೆ ಸೂರ್ಯನಿಗೆ ಮುಖ ಮಾಡಿ ನಡೆದುಕೊಂಡು ಹೋಗಿ. ನೆಲದ ಮೇಲೆ ಇಬ್ಬನಿ ಬಿದ್ದ ಹಾಗೆ ಹರಳುಗಳು ಮಿನುಗುತ್ತವೆ. ಬಗ್ಗಿ ಎತ್ತಿಕೊಳ್ಳುವುದು. ಅಗೆಯುವುದೇ ಬೇಡ. ಇಳಿ ಬಿಸಿಲಿನಲ್ಲೂ ಹಾಗೇ. ನಡು ಮಧ್ಯಾಹ್ನ ಏನೂ ಕಾಣುವುದಿಲ್ಲ, ಬರೀ ತಲೆನೋವು. ನಾನು ಎರಡು ಗಂಟೆಯಲ್ಲಿ ಒಂದು ಫಿಲ್ಟರ್ ಕಾಫಿ ಲೋಟದಷ್ಟು ಆರಿಸಿದೆ. ಎಲ್ಲ ಹಳದಿ. ಆದರೂ ಎಲ್ಲ ನಿಜವಾದ ಹರಳು, ಒಂದೂ ಬಿರುಕು ಬಿಡುವುದಿಲ್ಲ.

ದುಡ್ಡಿನ ಗಣಿಗಳು ಅಲ್ಲೇ ಪಕ್ಕದಲ್ಲಿ. ಡಸ್ಟ್ ಡೆವಿಲ್, ಸ್ಪೆಕ್ಟ್ರಮ್ ಅನ್ನುವ ಹೆಸರುಗಳು ಕೇಳಿಬರುತ್ತವೆ. ಅಲ್ಲಿ ಆಳದ ಮಣ್ಣು ಸಿಗುತ್ತದೆ, ಹಾಗಾಗಿ ಕೆಂಪು ಹಸಿರಿನ ಅವಕಾಶ ಜಾಸ್ತಿ. ಜರಡಿ ಹಿಡಿದು ಮಣ್ಣು ಸೋಸಬಹುದು. ಕೆಲವು ಕಡೆ ಮಣ್ಣು ಬೆಲ್ಟಿನ ಮೇಲೆ ಸಾಗಿ ಬರುತ್ತದೆ, ಪಕ್ಕದಲ್ಲಿ ನಿಂತು ಹರಳು ಆರಿಸಿಕೊಳ್ಳುವುದು, ಗಂಟೆಗೆ ಇಷ್ಟು ಅಂತ. ಕ್ಯೂರಿಂಗ್ ವರ್ಕ್ಸಿನಲ್ಲಿ ಬೆಲ್ಟಿನ ಮುಂದೆ ಕೂತು ಕಾಫಿ ಬೀಜ ಆರಿಸುವವರನ್ನು ನೋಡಿದ್ದೀರಲ್ಲ, ಅದೇ ಕೆಲಸ. ದುಡ್ಡು ಮಾತ್ರ ನಾವು ಕೊಡಬೇಕು!

ನನ್ನ ಲೆಕ್ಕ ಹೀಗೆ. ಮೊದಲ ದಿನ ಪುಕ್ಕಟೆ ಬಯಲಿನಲ್ಲಿ ಕಣ್ಣು ಪಳಗಿಸಿ. ಹುಚ್ಚು ಹಿಡಿದರೆ ಮಾರನೇ ದಿನ ಬೆಲ್ಟಿಗೆ ದುಡ್ಡು ಕೊಡಿ. ಹಿಡಿಯದಿದ್ದರೆ ಪೆಟ್ರೋಲ್ ಖರ್ಚಿಗೇ ಮುಗಿಯಿತು. ಓಪಲ್ಲಿನಲ್ಲಿ ಹೀಗೆ ರುಚಿ ನೋಡಿ ಮುಂದುವರಿಯುವ ಅನುಕೂಲ ಇಲ್ಲ.

ಕಷ್ಟ ಏನು ಅಂದರೆ ನೆರಳು ಇಲ್ಲ. ನಿಜವಾಗಿಯೂ ಇಲ್ಲ. ಒಂದು ಮರ ಕಾಣುವುದಿಲ್ಲ. ನೀರು, ಊಟ, ಕೊಡೆ ಎಲ್ಲ ನೀವೇ ತೆಗೆದುಕೊಂಡು ಹೋಗಬೇಕು. ನಾವು ಚಪಾತಿ, ಶೇಂಗಾ ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ಮೊಸರನ್ನ ಹನ್ನೊಂದು ಗಂಟೆಗೇ ಹುಳಿ. ಪುಳಿಯೋಗರೆ ಸರಿ.

ಫಿರೋಜಾ: ಟೋನೊಪಾ ಕಡೆ

ಮಂಡಿ ನೋವಿನವರು ಇದನ್ನು ಓದಿ.

ಟೋನೊಪಾ ಊರು ಲಾಸ್ ವೇಗಸ್ಸಿಗೂ ರೀನೋಗೂ ಹೆಚ್ಚುಕಮ್ಮಿ ನಡುಮಧ್ಯ. ಎತ್ತರ 1,840 ಮೀಟರ್, ಮುಳ್ಳಯ್ಯನಗಿರಿಯ ನೆತ್ತಿಗೆ ಸ್ವಲ್ಪ ಕಡಿಮೆ ಅಷ್ಟೇ. 1900ರಲ್ಲಿ ಜಿಮ್ ಬಟ್ಲರ್ ಅನ್ನುವವನಿಗೆ ಇಲ್ಲಿ ಬೆಳ್ಳಿ ಸಿಕ್ಕಿತು. ಓಡಿಹೋದ ಕತ್ತೆಗೆ ಹೊಡೆಯಲು ಎತ್ತಿದ ಕಲ್ಲು ಭಾರ ಅನ್ನಿಸಿ ನೋಡಿದರೆ ಬೆಳ್ಳಿಯ ಅದಿರು ಅಂತ ಊರಿನವರು ಕಥೆ ಹೇಳುತ್ತಾರೆ. ಕತ್ತೆಗೆ ಪಾಲು ಸಿಕ್ಕಿತೋ ಇಲ್ಲವೋ ಯಾರೂ ಹೇಳುವುದಿಲ್ಲ.

ಊರಿನ ಆಚೆ ರಾಯ್ಸ್ಟನ್ ಅನ್ನುವ ಕಡೆ ಟರ್ಕಾಯ್ಸ್ ಗಣಿಗಳಿವೆ. ನಮ್ಮ ಒಡವೆ ಅಂಗಡಿಯವರು ಫಿರೋಜಾ ಅನ್ನುವ ಕಲ್ಲು. ಆಟ್ಸನ್ ಕುಟುಂಬ ತಲೆಮಾರುಗಳಿಂದ ಈ ಕೆಲಸದಲ್ಲಿದೆ. ಮೊದಲೇ ಬುಕ್ ಮಾಡಿದರೆ ಕರೆದುಕೊಂಡು ಹೋಗುತ್ತಾರೆ, ಗಣಿ ತೋರಿಸುತ್ತಾರೆ, ಕಲ್ಲು ಗುಡ್ಡೆಯ ಮುಂದೆ ಬಿಡುತ್ತಾರೆ. ಆರಿಸಿ ಬಕೆಟ್ಟಿಗೆ ಹಾಕಿಕೊಳ್ಳುವುದು. ಅಗೆಯುವ ಕೆಲಸ ಕಡಿಮೆ. ಕೂತು, ನೀರು ಚಿಮುಕಿಸಿ, ನೀಲಿ ಕಂಡರೆ ಎತ್ತಿಕೊಳ್ಳಿ. ನೀಲಿ ಎಂಥ ಕಣ್ಣಿಗೂ ಕಾಣುತ್ತದೆ. ಹಾಗಾಗಿ ಬರಿಗೈಲಿ ವಾಪಸ್ ಬಂದವರನ್ನು ನಾನು ಕಂಡಿಲ್ಲ.

ತೊಂದರೆ ಮನೆಗೆ ಬಂದ ಮೇಲೆ. ಫಿರೋಜಾ ರಂಧ್ರದ ಕಲ್ಲು. ಎಣ್ಣೆ, ಬೆವರು, ಸೋಪು ಎಲ್ಲ ಕುಡಿಯುತ್ತದೆ, ಬಣ್ಣ ಹಸಿರಿಗೆ ತಿರುಗುತ್ತದೆ. ಸಿಗುವ ಬಹಳಷ್ಟು ಚೂರು ಸೀಮೆಸುಣ್ಣದ ಹಾಗೆ ಮೆತ್ತಗೆ. ಅದಕ್ಕೆ ರಾಳ ಕುಡಿಸಿ ಗಟ್ಟಿ ಮಾಡಬೇಕು, ಆಮೇಲೆ ಕತ್ತರಿಸಿ ಪಾಲಿಶ್. ಹಾಸನದಲ್ಲಿ ಯಾರು ಮಾಡುತ್ತಾರೆ? ನಾನು ಕೇಳಿದ ಮೂವರು ಆಚಾರಿಗಳೂ ಜೈಪುರ ಅಂದರು. ನನ್ನ ಬಕೆಟ್ಟಿನ ಕಲ್ಲುಗಳು ಈಗ ತುಳಸಿ ಕಟ್ಟೆಯ ಸುತ್ತ ಇವೆ. ಮಳೆಯಲ್ಲಿ ನೆನೆದಾಗ ಚೆನ್ನಾಗಿ ಕಾಣುತ್ತವೆ.

ಮಕ್ಕಳು ಆಸ್ಟ್ರೇಲಿಯಾದಲ್ಲಿದ್ದರೆ

ಅಡಿಲೇಡ್‌ನಿಂದ ಉತ್ತರಕ್ಕೆ ಸುಮಾರು 850 ಕಿಲೋಮೀಟರ್ ಹೋದರೆ ಕೂಬರ್ ಪೀಡಿ. ನಾನು ಹೋಗಿಲ್ಲ, ನನ್ನ ತಂಗಿ ಹೋಗಿದ್ದಾಳೆ. 1915ರಲ್ಲಿ ಚಿನ್ನ ಹುಡುಕಲು ಬಂದ ತಂಡದ ಜೊತೆಗಿದ್ದ ವಿಲ್ಲಿ ಹಚಿಸನ್ ಅನ್ನುವ 14 ವರ್ಷದ ಹುಡುಗ ನೀರು ಹುಡುಕುತ್ತಾ ಹೋಗಿ ಓಪಲ್ ತಂದ. ಬಿಸಿಲು ತಡೆಯಲಾರದೆ ಜನ ಅಗೆದ ಗುಡ್ಡದೊಳಗೇ ಮನೆ ಮಾಡಿಕೊಂಡಿದ್ದಾರೆ. ಚರ್ಚು, ಹೋಟೆಲ್ಲು ಕೂಡ ನೆಲದೊಳಗೆ.

ಗಣಿಯವರು ಬಿಟ್ಟ ಮಣ್ಣಿನಲ್ಲಿ ಕೈಯಾಡಿಸುವುದಕ್ಕೆ ಅಲ್ಲಿ ನೂಡ್ಲಿಂಗ್ ಅಂತ ಹೆಸರು. ಊರೊಳಗೇ ಅದಕ್ಕೊಂದು ಪುಕ್ಕಟೆ ಜಾಗ ಇದೆ. ವರ್ಜಿನ್ ವ್ಯಾಲಿಗೆ ಹೋಲಿಸಿದರೆ ಒಂದು ದೊಡ್ಡ ಲಾಭ: ಇಲ್ಲಿನ ಓಪಲ್‌ನಲ್ಲಿ ನೀರು ಕಡಿಮೆ, ಸುಮ್ಮಸುಮ್ನೆ ಬಿರುಕು ಬಿಡುವುದಿಲ್ಲ, ಒಡವೆಗೆ ಕೂರುತ್ತದೆ. ನಷ್ಟ: ಪುಕ್ಕಟೆ ಜಾಗವನ್ನು ಸಾವಿರಾರು ಜನ ಕೆದಕಿ ಮುಗಿಸಿದ್ದಾರೆ. ತಂಗಿಗೆ ಮೂರು ಗಂಟೆಯಲ್ಲಿ ಸಿಕ್ಕಿದ್ದು ಬಣ್ಣ ಇಲ್ಲದ ಪಾಚ್, ಅಷ್ಟೇ. ಮೇ ತಿಂಗಳಿನಿಂದ ಆಗಸ್ಟ್ ಒಳಗೆ ಹೋಗಿ. ಡಿಸೆಂಬರ್ ಅಲ್ಲಿ ಕಡು ಬೇಸಿಗೆ. ಊರ ಸುತ್ತ ಬಾಯಿ ಮುಚ್ಚದ ಗುಂಡಿಗಳು ಲೆಕ್ಕ ಇಲ್ಲದಷ್ಟು, ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾ ಹಿಂದೆ ಹೆಜ್ಜೆ ಇಡಬೇಡಿ.

ಬಕೆಟ್ ಅಂಗಡಿಗಳ ಬಗ್ಗೆ

ಹೆದ್ದಾರಿ ಪಕ್ಕದಲ್ಲಿ "ಜೆಮ್ ಮೈನಿಂಗ್" ಅಂತ ಬೋರ್ಡ್ ಹಾಕಿರುತ್ತಾರೆ. ಒಂದು ಬಕೆಟ್ ಮರಳು ಕೊಡುತ್ತಾರೆ, ನೀರಿನ ತೊಟ್ಟಿಯಲ್ಲಿ ಜಾಲಿಸಿದರೆ ಬಣ್ಣಬಣ್ಣದ ಕಲ್ಲು. ನಾವೂ ಒಂದು ಕಡೆ ಕೊಂಡೆವು. ಹತ್ತು ನಿಮಿಷದಲ್ಲಿ ಹತ್ತು ಬಗೆಯ ಕಲ್ಲು! ಒಂದೇ ಮರಳಿನಲ್ಲಿ ಅಮೆಥಿಸ್ಟೂ ಗಾರ್ನೆಟ್ಟೂ ಅಷ್ಟು ಸಲೀಸಾಗಿ ಸಿಗುತ್ತವೆಯೇ ಅಂತ ನಮ್ಮ ಯಜಮಾನರಿಗೆ ಆಗಲೇ ಅನುಮಾನ. ಊರಿಗೆ ಬಂದ ಮೇಲೆ ಭೂಗರ್ಭಶಾಸ್ತ್ರ ಓದಿದ ನನ್ನ ಅಣ್ಣನ ಮಗ ನೋಡಿದ. ಆರು ಮೂಲೆಯ ಕೆಂಪು ಕಲ್ಲು ಎತ್ತಿ ಹಿಡಿದು ನಗಲು ಶುರು ಮಾಡಿದ. "ಅತ್ತೆ, ಇದು ಕುರಂದ, ಮಾಣಿಕ್ಯದ ಜಾತಿಯ ಕಲ್ಲು. ನಮ್ಮ ದೇಶದ್ದೇ ಇರಬೇಕು. ಮೈಸೂರು ಕಡೆ ಸಿಗೋದೇ ಇಂಥದ್ದು" ಅಂದ. ಡಾಲರ್ ಕೊಟ್ಟು ಮನೆಯ ಕಲ್ಲನ್ನೇ ಹೊತ್ತು ತಂದಿದ್ದೆವು.

ಹೊರಗಿನಿಂದ ತಂದ ಕಲ್ಲು ಮರಳಿಗೆ ಬೆರೆಸುವುದಕ್ಕೆ ಅಲ್ಲಿ "ಉಪ್ಪು ಹಾಕುವುದು" ಅನ್ನುತ್ತಾರೆ. ಕೆಲವರು ಬೋರ್ಡಿನಲ್ಲೇ ಬರೆದಿರುತ್ತಾರೆ, ಅದು ಮೋಸ ಅಲ್ಲ. ಐದಾರು ವರ್ಷದ ಮಗು ಜೊತೆಗಿದ್ದರೆ ಅದೇ ಒಳ್ಳೆಯದು, ಮಗುವಿಗೆ ಸಿಕ್ಕಿದ ಖುಷಿ ಸಾಕು. ದೊಡ್ಡವರು ಮಾತ್ರ ಒಂದು ಪ್ರಶ್ನೆ ಕೇಳಿ: ಈ ಕಲ್ಲು ಇದೇ ನೆಲದ್ದಾ? ನಿಜವಾದ ಗಣಿಯವನು ಬೆರಳು ತೋರಿಸಿ ಯಾವ ಗುಡ್ಡದ್ದು ಅಂತ ಹೇಳುತ್ತಾನೆ.

"ಅಷ್ಟು ದೂರ ಯಾಕೆ, ನಮ್ಮಲ್ಲೇ ಇಲ್ವಾ?"

ಇದೂ ಕೇಳುತ್ತಾರೆ. ಕಲ್ಲು ಇದೆ, ಟಿಕೆಟ್ ಇಲ್ಲ. ಹೊಳೆನರಸೀಪುರದ ಸುತ್ತಿನ ಬಂಡೆಗಳಲ್ಲಿ ಗಾರ್ನೆಟ್, ಕಯನೈಟ್ ಇವೆ. ಚನ್ನರಾಯಪಟ್ಟಣ ತಾಲ್ಲೂಕಿನ ಭೈರಾಪುರದಲ್ಲಿ ಕ್ರೋಮೈಟ್ ಗಣಿ ಇದೆ. ಆದರೆ ಪರವಾನಗಿ ಇಲ್ಲದೆ ಅಗೆಯುವುದು 1957ರ ಗಣಿ ಮತ್ತು ಖನಿಜ ಕಾಯ್ದೆಯಲ್ಲಿ ಅಪರಾಧ. ಗುಡ್ಡಕ್ಕೆ ಗುದ್ದಲಿ ತೆಗೆದುಕೊಂಡು ಹೋಗಬೇಡಿ.

ಆಂಧ್ರದ ಕರ್ನೂಲು ಜಿಲ್ಲೆಯ ಜೊನ್ನಗಿರಿ ಕಡೆ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಜನ ಹೊಲಗಳಲ್ಲಿ ವಜ್ರ ಹುಡುಕುತ್ತಾರೆ. ಬಳ್ಳಾರಿಯಿಂದಲೂ ಹೋಗುತ್ತಾರೆ. ಅದು ಇನ್ನೊಬ್ಬರ ಹೊಲ, ಬಿತ್ತನೆಯ ಹೊತ್ತು. ರೈತರು ಬೈಯುವುದರಲ್ಲಿ ತಪ್ಪೇನಿದೆ? ಕಾನೂನು ಪ್ರಕಾರ ದುಡ್ಡು ಕಟ್ಟಿ ಅಗೆಯಲೇಬೇಕು ಅಂದರೆ ಮಧ್ಯಪ್ರದೇಶದ ಪನ್ನಾ ಇದೆ. ಅಲ್ಲಿನ ವಜ್ರ ಕಚೇರಿ 200 ರೂಪಾಯಿಯ ಆಸುಪಾಸಿನ ಶುಲ್ಕಕ್ಕೆ ಎಂಟು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಜಾಗ ಗುತ್ತಿಗೆ ಕೊಡುತ್ತದೆ. ಸಿಕ್ಕ ವಜ್ರವನ್ನು ಕಚೇರಿಗೇ ಒಪ್ಪಿಸಬೇಕು. ಅವರು ಹರಾಜು ಹಾಕಿ, ರಾಯಧನ ಮುರಿದುಕೊಂಡು ಉಳಿದದ್ದು ಕೊಡುತ್ತಾರೆ. ಆದರೆ ಅದು ತಿಂಗಳುಗಟ್ಟಲೆ ಬೆವರು ಸುರಿಸುವವರ ಕಸುಬು. ಎರಡು ದಿನದ ಪಿಕ್ನಿಕ್ ಅಲ್ಲ.

ವಾಪಸ್ ಬರುವಾಗ

ಓಪಲ್ ತರುವವರು ಡಬ್ಬಿಯನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ಏರ್‌ಪೋರ್ಟಿನಲ್ಲಿ ನೂರು ಮಿಲಿಲೀಟರ್ ನೀರಿನ ಮಿತಿ ಅಡ್ಡ ಬರುತ್ತದೆ. ಒದ್ದೆ ಹತ್ತಿಯಲ್ಲಿ ಸುತ್ತಿ, ಎರಡು ಜಿಪ್ ಕವರಿನಲ್ಲಿ ಹಾಕಿ ಸೂಟ್‌ಕೇಸಿಗೆ ಸೇರಿಸಿ. ಮನೆಗೆ ಬಂದೊಡನೆ ನೀರಿಗೆ. ಗಣಿಯವರು ಕೊಟ್ಟ ರಸೀದಿ ಎಸೆಯಬೇಡಿ. ಕಸ್ಟಮ್ಸ್‌ನಲ್ಲಿ ಕೇಳಿದರೆ ತೋರಿಸಲು ಬೇಕು. ಫಿರೋಜಾ ತರುವವರು ತಕ್ಕಡಿ ನೋಡಿಕೊಳ್ಳಿ. 23 ಕೆಜಿಯಲ್ಲಿ ಕಲ್ಲಿಗೆ ಎಷ್ಟು, ಸೊಸೆ ಕೊಟ್ಟ ಬಾದಾಮಿಗೆ ಎಷ್ಟು ಅಂತ ನಮ್ಮ ಮನೆಯಲ್ಲಿ ಜಗಳವೇ ಆಯಿತು.

ಊರಿಗೆ ಬಂದ ಮೇಲೆ ನೆಂಟರು ಕೇಳುವ ಮೂರನೇ ಪ್ರಶ್ನೆ ಒಂದಿದೆ. "ಇದು ಯಾವ ಗ್ರಹಕ್ಕೆ?" ಈ ಮೂರೂ ನವರತ್ನದಲ್ಲಿ ಇಲ್ಲ. ಓಪಲ್ಲನ್ನು ಶುಕ್ರನಿಗೆ ವಜ್ರದ ಬದಲು ಹಾಕಿಕೊಳ್ಳುವವರು ಇದ್ದಾರೆ. ಬಿರುಕು ಬಿಡುವ ಕಲ್ಲನ್ನು ಕೈಗೆ ಹಾಕಿಸಿ ಶುಕ್ರನ ಸಿಟ್ಟು ಯಾಕೆ ಕಟ್ಟಿಕೊಳ್ಳಬೇಕು ಅಂತ ನಾನು ಯಾರಿಗೂ ಕೊಟ್ಟಿಲ್ಲ.

ಸನ್‌ಸ್ಟೋನ್ ಒಂದನ್ನು ಮಾತ್ರ ಪೇಟೆಯ ಆಚಾರಿಯ ಹತ್ತಿರ ತೆಗೆದುಕೊಂಡು ಹೋದೆ. ಕಾಫಿ ಲೋಟದಲ್ಲಿ ಆರಿಸಿದ ಹಳದಿ ಹರಳು, ಜೈಪುರಕ್ಕೆ ಹೋಗಿ ಕತ್ತರಿಸಿಕೊಂಡು ಬಂದಿತ್ತು. ಅವರು ಭೂತಗನ್ನಡಿ ಏರಿಸಿ ನೋಡಿದರು. "ಏನಮ್ಮಾ ಇದು, ಪುಷ್ಯರಾಗಾನಾ?" ಅಂದರು. ಅಲ್ಲ, ಪ್ಲಶ್ ಅನ್ನುವ ಊರಿನ ಬಯಲಿನಲ್ಲಿ ಬೆಳಿಗ್ಗೆ ಎದ್ದು ಬಗ್ಗಿ ಎತ್ತಿಕೊಂಡದ್ದು ಅಂದೆ. "ಹಾಗಾದ್ರೆ ಬೆಳ್ಳಿ ಸಾಕು" ಅಂದರು. ಬೆಳ್ಳಿಯಲ್ಲೇ ಕಟ್ಟಿದರು. ಮೊಮ್ಮಗಳು ಮುಂದಿನ ರಜೆಗೆ ಬಂದಾಗ ಅವಳ ಬೆರಳಿಗೆ ಸ್ವಲ್ಪ ದೊಡ್ಡದಾಗಬಹುದು. ದಾರ ಸುತ್ತಿ ಕೊಡುತ್ತೇನೆ.